ಏಳನೇ ಚೌಕ

ಹೆಡ್ವಿಗ್‌ಗೆ ನೆರೆಹೊರೆಯವರ ಮುಖಗಳಿಗಿಂತ ಅವರ ಬೀಗಗಳೇ ಹೆಚ್ಚು ಪರಿಚಯ. ಗೋಥೆನ್‌ಬರ್ಗಿನ ಆ ಹಳೆಯ ಕಟ್ಟಡಕ್ಕೆ ಕೆಳಗೆ ಒಂದಂತಸ್ತು ಕಲ್ಲು, ಮೇಲೆ ಎರಡಂತಸ್ತು ಮರ. ನೆಲಮಾಳಿಗೆಯಲ್ಲಿ ಎಲ್ಲ ಮನೆಗಳಿಗೂ ಸೇರಿದ ಬಟ್ಟೆ ಒಗೆಯುವ ಕೋಣೆ. ಅದರ ಬಾಗಿಲ ಪಕ್ಕದಲ್ಲಿ ಸರದಿ ಹಲಗೆ. ಬೆಳಿಗ್ಗೆ ಏಳರಿಂದ ಸಂಜೆ ಏಳರವರೆಗೆ ದಿನಕ್ಕೆ ಆರು ಸರದಿ, ಹಲಗೆಯಲ್ಲಿ ಪ್ರತಿ ದಿನದ ಸಾಲಿಗೂ ಆರು ತೂತು. ಬೇಕಾದ ತೂತಿಗೆ ಮನೆ ಸಂಖ್ಯೆ ಕೊರೆದ ಪುಟ್ಟ ಬೀಗ ಜಡಿದರೆ ಆ ಎರಡು ಗಂಟೆ ನಿಮ್ಮದು. ದೇವರು ಬಂದರೂ ಕಾಯಬೇಕು.

ಗುರುವಾರ ಒಂದರಿಂದ ಮೂರರ ತೂತಿನಲ್ಲಿ ಎರಡು ವರ್ಷದಿಂದ ಹದಿನಾಲ್ಕನೇ ಸಂಖ್ಯೆಯ ಬೀಗ. ಅದು ಹೆಡ್ವಿಗ್‌ದು. ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುವ ಅವಳಿಗೆ ಅಂದು ರಜೆ. ಬಟ್ಟೆಯನ್ನು ಯಂತ್ರಕ್ಕೆ ತುಂಬಿ ಅವಳು ಒಳಗಿನ ಒಣಗಿಸುವ ಕೋಣೆಗೆ ಸೇರಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಅಲ್ಲಿ ಕಿಟಕಿ ಇಲ್ಲ. ಕೆಂಪು ದೀಪ ಹಚ್ಚಿ, ಮೂರು ತಟ್ಟೆಗಳಲ್ಲಿ ಹುಳಿ ನಾತದ ದ್ರಾವಣ ಸುರಿದು, ಅಮ್ಮನ ಕಾಲದ ಚಿಕ್ಕ ಕ್ಯಾಮೆರಾದಲ್ಲಿ ತೆಗೆದ ಚಿತ್ರಗಳನ್ನು ಕಾಗದದ ಮೇಲೆ ಮೂಡಿಸುತ್ತಿದ್ದಳು. ಗೋಡೆಯ ಮೇಲಿನ ನಿಯಮಗಳಲ್ಲಿ ಒಂಬತ್ತನೆಯದು: ಬಣ್ಣ, ರಾಸಾಯನಿಕ ನಿಷಿದ್ಧ. ಅದು ಅವಳಿಗೆ ಗೊತ್ತಿತ್ತು. ಅವಳದು ಇನ್ನೊಬ್ಬರ ಹೆಸರಿನಲ್ಲಿರುವ ಮನೆ. ಕಟ್ಟಡದ ಒಡೆತನದ ಕಂಪನಿ ವರ್ಷವರ್ಷವೂ ಒಪ್ಪಿಗೆ ಕೊಟ್ಟರೆ ಮಾತ್ರ ಬಾಳುವೆ. ಹಾಗಾಗಿ ಬಾಯಿ ಮುಚ್ಚಿಕೊಂಡೇ ಇದ್ದಳು. ಮೊದಲೇ ಅವಳು ಮಾತಿನವಳಲ್ಲ.

ಮಾರ್ಚಿನಲ್ಲಿ ಕಂಪನಿಯಿಂದ ಎಲ್ಲ ಮನೆಗೂ ಒಂದು ನುಣುಪು ಕಾಗದ ಬಂತು. ಒಗೆಯುವ ಕೋಣೆ ದಿನದ ಬಹುಪಾಲು ಖಾಲಿ ಬಿದ್ದಿರುತ್ತದೆ, ಅದನ್ನು ವ್ಯಾಯಾಮಶಾಲೆ ಮಾಡಿ ಬಾಡಿಗೆಗೆ ಕೊಡಲಾಗುವುದು, ಏಪ್ರಿಲ್ ಕೊನೆಯಲ್ಲಿ ಸಭೆ. ಜೊತೆಗೆ ಒಂದು ಚಿತ್ರ: ಯಂತ್ರಗಳು ಬಾಯ್ದೆರೆದು ನಿಂತ ಖಾಲಿ ಕೋಣೆ.

ಹಲಗೆಯ ಮುಂದೆ ಆ ಕಾಗದ ಹಿಡಿದು ನಿಂತಿದ್ದವಳು ಮೂರನೇ ಮನೆಯ ಗುನ್ವೋರ್. ಎಂಬತ್ತೆರಡರ ಅಜ್ಜಿ. ಯಂತ್ರದ ಜಾಲರಿಯಲ್ಲಿ ದೂಳು ಬಿಟ್ಟು ಹೋದವರಿಗೆ ದಪ್ಪಕ್ಷರದಲ್ಲಿ ಬೈಗುಳ ಬರೆದು ಅಂಟಿಸುವವಳು ಅವಳೇ.

"ಏ ಹುಡುಗಿ, ಇಲ್ಲಿ ನೋಡು. ಗಡಿಯಾರ ಎಲ್ಲಿ?"

ಹೆಡ್ವಿಗ್ ನೋಡಿದಳು. ಕೋಣೆಯ ಗೋಡೆಗಡಿಯಾರ ಇರಬೇಕಾದ ಜಾಗಕ್ಕೆ ಸರಿಯಾಗಿ ಚಿತ್ರದ ಅಂಚು ಮುಗಿದಿತ್ತು.

"ಕತ್ತರಿಸಿದ್ದಾರೆ," ಅಂದಳು.

"ಮತ್ತೆ? ಬಾಗಿಲು ತೆರೆಯೋ ಮುಂಚೆ ಬಂದು ತೆಗ್ದಿರ್ತಾರೆ. ಅರವತ್ತು ವರ್ಷ ಇಲ್ಲಿ ಒಗೆದಿದೀನಿ, ಖಾಲಿಯಂತೆ ಖಾಲಿ! ನೀನು ಫೋಟೋ ತೆಗಿತೀಯಲ್ಲ, ಆ ಕೆಂಪು ದೀಪ ಹಚ್ಕೊಂಡು?"

ಹೆಡ್ವಿಗ್ ಒಣಗಿಸುವ ಕೋಣೆಯ ಬಾಗಿಲ ಕಡೆ ನೋಡಿದಳು. "ನಿನಗೆ... ಗೊತ್ತಾ?"

"ಬಾಗಿಲ ಸಂದೀಲಿ ಕೆಂಪಗೆ ಕಾಣತ್ತೆ. ಮೊದಲು ನರಕಕ್ಕೇ ದಾರಿ ತೋಡಿದಾರೆ ಅಂದ್ಕೊಂಡಿದ್ದೆ."

ಆ ವಾರವೆಲ್ಲ ಹೆಡ್ವಿಗ್‌ಗೆ ಆ ಕತ್ತರಿಸಿದ ಅಂಚೇ ಕಣ್ಣಿಗೆ ಕಟ್ಟಿತು. ಮುಖದ ಮೇಲೆ ಹೇಳಿದ ಸುಳ್ಳನ್ನು ಅವಳು ಎಷ್ಟೋ ಸಲ ನುಂಗಿಕೊಂಡಿದ್ದಳು. ಇದು ಮಾತ್ರ ಗಂಟಲಲ್ಲಿ ಇಳಿಯಲಿಲ್ಲ. ಒಂದೇ ದಿನ, ಒಂದೇ ಸುರುಳಿ, ಆರು ಸರದಿಗೂ ಎರಡೆರಡು ಚಿತ್ರ, ಪ್ರತಿಯೊಂದರಲ್ಲೂ ಗಡಿಯಾರ: ಹೀಗೆಂದು ಲೆಕ್ಕ ಹಾಕಿದಳು. ಅಮ್ಮನ ಚಿಕ್ಕ ಕ್ಯಾಮೆರಾದ ಫಿಲ್ಮಿನಲ್ಲಿ ಗಡಿಯಾರ ಸಾಸಿವೆ ಕಾಳಿನಷ್ಟಾದೀತು. ದೊಡ್ಡ ಚೌಕದ ಫಿಲ್ಮ್ ಬೇಕು, ಬರಿಗಣ್ಣಿಗೆ ಕಾಣುವಂಥದು.

ನದಿಯಾಚೆ ಸ್ತೂರೆ ಎಂಬ ಮುದುಕ ಅಂಥದೊಂದನ್ನು ಮಾರಲಿಟ್ಟಿದ್ದ. ಕ್ಯಾಮೆರಾ ರಿಪೇರಿಯಲ್ಲೇ ತಲೆ ನರೆತವನು. ಕಾಫಿ ಇಟ್ಟ ಮೇಜಿನ ಮೇಲೇ ಅದನ್ನೂ ಇಟ್ಟಿದ್ದ: ಅಂಗೈ ತುಂಬುವ ಲೋಹದ ಪೆಟ್ಟಿಗೆ, ಮುಂದೆ ಗಾಜಿನ ಕಣ್ಣು, ಮೇಲೆ ಮಡಚುವ ಮುಚ್ಚಳ, ಅದರಡಿ ಎದುರಿನ ದೃಶ್ಯ ಮೂಡುವ ಗಾಜು. ಐವತ್ತು ವರ್ಷ ಹಳೆಯದು.

"ಶೋಕೇಸಿಗಾ?" ಎಂದ.

"ಅಲ್ಲ."

"ಹಾಗಾದ್ರೆ ಸಮುದ್ರದಂಡೇಲಿ ಸೂರ್ಯ ಮುಳುಗೋದು ತೆಗಿಯೋಕೆ. ಬರೋರೆಲ್ಲ ಅದನ್ನೇ ಹೇಳ್ತಾರೆ. ಆ ಸೂರ್ಯನಿಗೂ ಬೇಜಾರಾಗಿದೆ."

"ಬಟ್ಟೆ ಒಗೆಯೋ ಕೋಣೆ ತೆಗಿಯೋಕೆ."

ಮುದುಕ ಕಾಫಿ ಬಟ್ಟಲು ಕೆಳಗಿಟ್ಟ. ಕೇಳಿದ ಬೆಲೆಯಲ್ಲಿ ಸಾವಿರ ಕ್ರೋನ ತಾನೇ ಇಳಿಸಿದ. ಹಾಳು ಫಿಲ್ಮೊಂದನ್ನು ಅವಳ ಕೈಗಿತ್ತು, ಕಣ್ಣು ಮುಚ್ಚಿ ಹತ್ತು ಸಲ ತುಂಬಿಸಿ ತೆಗೆಸಿದ. ಒಂಬತ್ತನೆಯ ಸಲ ಬೆರಳಿಗೆ ದಾರಿ ತಿಳಿಯಿತು.

"ಈಗ ಮೇಲಿಂದ ಬಗ್ಗಿ ಗಾಜು ನೋಡು. ನಾನೆಲ್ಲಿದೀನಿ?"

"ಎಡಗಡೆ."

"ನಾನಿರೋದು ಬಲಗಡೆ. ಇದ್ರಲ್ಲಿ ಎಡ ಬಲ ಅದಲುಬದಲು. ನಾನು ಓಡಿಹೋದ್ರೆ ನೀನು ಆಕಡೆ ತಿರುಗಿಸ್ತೀಯ, ನಾನು ಈಕಡೆ ಮಾಯ. ಹೊಸಬರೆಲ್ಲ ಎಡವೋದು ಇಲ್ಲೇ. ಕೈ ಕಲಿಯೋವರೆಗೂ ಮನಸ್ಸಿನ ಮಾತು ಕೇಳಬೇಡ."

ಹೆಡ್ವಿಗ್‌ಗೆ ಬೇರೊಂದು ವಿಷಯ ಹಿಡಿಸಿತು. ಇದರಲ್ಲಿ ಚಿತ್ರ ತೆಗೆಯುವಾಗ ಎದುರಿನವರ ಕಣ್ಣಿಗೆ ಕಣ್ಣು ಕೊಡಬೇಕಿಲ್ಲ. ತಲೆ ತಗ್ಗಿಸಿ ನಿಲ್ಲುವುದು ಅವಳಿಗೆ ಹುಟ್ಟಿನಿಂದ ಬಂದ ವಿದ್ಯೆ.

ಪ್ರಯೋಗಕ್ಕೆಂದು ಒಂದು ಸುರುಳಿಯಲ್ಲಿ ಗುನ್ವೋರ್ ಹಾಸಿಗೆ ಬಟ್ಟೆಯನ್ನು ಉರುಳೆಗಳ ನಡುವೆ ಒತ್ತಿ ನುಣುಪು ಮಾಡುವುದನ್ನು ತೆಗೆದಳು. ಅದರ ಪ್ರತಿ ತನಗೆ ಬೇಕೇ ಬೇಕೆಂದು ಅಜ್ಜಿ ಹಟ ಹಿಡಿದಳು.

ಆಮೇಲೆ ಬಂದದ್ದು ಆ ಗುರುವಾರ. ಬೆಳಿಗ್ಗೆ ಏಳಕ್ಕೇ ಅವಳು ಕ್ಯಾಮೆರಾದ ಮುಕ್ಕಾಲಿ ಹೂಡಿ ನಿಂತಳು. ಮೊದಲ ಸರದಿ ಟ್ರಾಮ್ ಓಡಿಸುವ ಫರಾಮರ್ಜನದು. ಇರಾನಿನಿಂದ ಬಂದು ಮೂವತ್ತು ವರ್ಷವಾದ ಅವನು ಮನೆಯಲ್ಲಿ ಜಾಡಿಗಟ್ಟಲೆ ತರಕಾರಿ ಉಪ್ಪಿನಕಾಯಿ ಹಾಕುತ್ತಿದ್ದ. ನೆಲಮಾಳಿಗೆಯಲ್ಲಿ ವಿನೆಗರ್ ವಾಸನೆ ಎಂದು ಗುನ್ವೋರ್ ಬರೆದ ಚೀಟಿಗಳೆಲ್ಲ ಅವನ ಬಾಗಿಲಿಗೇ.

"ನಗಬೇಕಾ?" ಎಂದ ಅವನು, ಒಳಚಡ್ಡಿಗಳ ಬುಟ್ಟಿ ಹಿಡಿದು.

"ಬೇಡ. ಅರ್ಧ ಸೆಕೆಂಡು ಉಸಿರು ಹಿಡ್ಕೋ, ಸಾಕು."

ಧಪ್ ಎಂದು ಕ್ಯಾಮೆರಾದೊಳಗಿನ ಕನ್ನಡಿ ಮೇಲಕ್ಕೆ ಮಡಚಿ, ನೋಡುವ ಗಾಜು ಕತ್ತಲಾಯಿತು. "ಅಬ್ಬಾ, ಇದು ಕ್ಯಾಮೆರಾನೋ ಟ್ರಾಮ್ ಬಾಗಿಲೋ? ತೋರ್ಸು, ಹೇಗೆ ಬಂದಿದೀನಿ?"

"ಇದ್ರಲ್ಲಿ ಕಾಣಲ್ಲ."

"ಮತ್ತೆ ಬಂದಿದೆ ಅಂತ ಹೇಗ್ ಗೊತ್ತು?"

"ಗೊತ್ತಿಲ್ಲ."

ಫರಾಮರ್ಜ್ ಬಹಳ ಹೊತ್ತು ನಕ್ಕ. ಹೊತ್ತೇರಿದಂತೆ ನೆಲಮಟ್ಟದ ಕಿಟಕಿಯಿಂದ ಬಿದ್ದ ಬಿಸಿಲ ತುಂಡು ಗೋಡೆಯ ಮೇಲೆ ಗಡಿಯಾರದ ಕಡೆಗೆ ತೆವಳಿತು. ಒಂದು ಗಂಟೆಗೆ ಆರು ಚೌಕ ಮುಗಿದಿದ್ದವು.

ಏಳನೆಯ ಚೌಕದ ಹೊತ್ತು ಅವಳದೇ ಸರದಿ. ಒಣಗಿಸುವ ಕೋಣೆಯಲ್ಲಿ ತಟ್ಟೆ ಹೂಡಿ ಅಜ್ಜಿಗೆ ಕೊಟ್ಟ ಮಾತಿನಂತೆ ಆ ಪ್ರತಿ ಮಾಡುತ್ತಿದ್ದಳು. ಅಷ್ಟರಲ್ಲಿ ಗುನ್ವೋರ್ ಬಾಗಿಲು ದೂಡಿಕೊಂಡು ಬಂದು, ತಟ್ಟೆಯಲ್ಲಿ ತೇಲುವ ತನ್ನ ಮುಖ ನೋಡಿ "ಇಷ್ಟು ಸುಕ್ಕಾ?" ಎಂದಳು. ಆಮೇಲೆ, "ನೀನೂ ಈ ಮನೆಯವಳೇ ತಾನೇ? ಹೋಗು, ಯಂತ್ರದ ಮುಂದೆ ನಿಲ್ಲು. ನಾನೇ ಒತ್ತುತೀನಿ."

"ಬಾಗಿಲು ಹಾಕಿ ಬರ್ತೀನಿ, ಒಳಗಿನದು ಕಂಡುಬಿಡತ್ತೆ."

"ನಾನು ನೋಡ್ಕೋತೀನಿ ಬಿಡೇ. ಗಾಜಲ್ಲಿ ಬಾಗಿಲು ಬಲಗಡೆ ಕಾಣ್ತಿದೆ. ಇಕೋ, ಎಡಗಡೆ ತಿರುಗಿಸ್ದೆ."

ಗಾಜಿನ ಕಣ್ಣು ತೆರೆದ ಬಾಗಿಲ ಕಡೆಗೇ ಹೊರಳುವುದು ಹೆಡ್ವಿಗ್‌ಗೆ ಕಂಡಿತು. ಬೇಡ ಎನ್ನಲು ಬಾಯಿ ತೆರೆದಳು. ಧಪ್.

"ಅಯ್ಯೋ, ಕುರುಡಾಯ್ತಲ್ಲ ಇದು!" ಗುನ್ವೋರ್ ಕತ್ತಲಾದ ಗಾಜನ್ನು ತಟ್ಟುತ್ತಿದ್ದಳು.

ಅಡುಗೆಮನೆಯಲ್ಲಿ ಫಿಲ್ಮ್ ತೊಳೆದು ನೇತುಹಾಕಿದಾಗ ಹನ್ನೆರಡೂ ಬಂದಿದ್ದವು. ಏಳನೆಯದರಲ್ಲಿ ಒಂದು ಪಕ್ಕಕ್ಕೆ ಬಾಯಿ ತೆರೆದ ಹೆಡ್ವಿಗ್, ಅವಳ ತಲೆಯ ಮೇಲೆ ಗೋಡೆಯಲ್ಲಿ ಗಡಿಯಾರ, ಬಿಸಿಲ ತುಂಡು. ಉಳಿದ ಚೌಕದ ತುಂಬ ದೀಪ, ಬಾಟಲಿ, ಮೂರು ತಟ್ಟೆ, ಅವುಗಳ ಮೇಲೆ ಚಿತ್ರ ಹಿಗ್ಗಿಸುವ ಯಂತ್ರ. ಪಟ್ಟು ಹಿಡಿದು ಕೂರಿಸಿ ತೆಗೆಸಿದರೂ ಇಷ್ಟು ಸ್ಪಷ್ಟವಾಗಿ ಬರುತ್ತಿರಲಿಲ್ಲ.

"ಕತ್ತರಿಸಿ ಒಲೆಗೆ ಹಾಕು," ಎಂದಳು ಗುನ್ವೋರ್. "ಆ ಗಂಟೆಗೆ ಎಂಟನೇದಿದೆ, ನಿನ್ನ ಬಟ್ಟೆ ಜೊತೆ. ಏಳಿಲ್ಲದಿದ್ರೆ ಯಾರ ಗಂಟು ಹೋಯ್ತು? ನಿನ್ನನ್ನ ಮನೆ ಬಿಡಿಸಿದ್ರೆ ಮಾತ್ರ ನನಗೆ ನಿದ್ದೆ ಬರಲ್ಲ."

ಹೆಡ್ವಿಗ್ ಕತ್ತರಿ ತೆಗೆದುಕೊಂಡಳು. ಆರು ಮತ್ತು ಏಳರ ನಡುವಿನ ಖಾಲಿ ಗೆರೆಯ ಮೇಲೆ ಇಟ್ಟಳು. ಕಂಪನಿಯ ಕಾಗದದ ಆ ಅಂಚು ನೆನಪಾಯಿತು. ಕತ್ತರಿಯನ್ನು ಮತ್ತೆ ಮೊಳೆಗೆ ತೂಗುಹಾಕಿದಳು. ಆದರೆ ಏಳನೆಯದರ ಪ್ರತಿ ಮಾಡುವಷ್ಟು ಧೈರ್ಯವೂ ಬರಲಿಲ್ಲ. ಹನ್ನೊಂದು ಮಾಡಿದಳು.

ಸಭೆಯ ದಿನ ಅಂಗಳದ ಚಿಕ್ಕ ಮನೆಯಲ್ಲಿ ಕಾಫಿ, ದಾಲ್ಚಿನ್ನಿ ಬನ್ನು, ಗೋಡೆಯಿಂದ ಗೋಡೆಗೆ ಬಟ್ಟೆ ಒಣಗಿಸುವ ಹಗ್ಗ. ಹಗ್ಗಕ್ಕೆ ಕ್ಲಿಪ್ಪಿನಲ್ಲಿ ಕಚ್ಚಿಸಿದ ಹನ್ನೊಂದು ಚಿತ್ರ. ಕಂಪನಿಯಿಂದ ಬಂದವನು ಹಾಂಪುಸ್, ಹೆಡ್ವಿಗ್‌ಗಿಂತ ನಾಲ್ಕೈದು ವರ್ಷ ದೊಡ್ಡವನಿರಬಹುದು. ಕೈ ಹಿಂದೆ ಕಟ್ಟಿ ಒಂದೊಂದನ್ನೂ ನೋಡುತ್ತ ನಡೆದ.

"ಚೆನ್ನಾಗಿವೆ. ನಿಜವಾಗ್ಲೂ. ಆದ್ರೆ ಇದು ಸಾಕ್ಷಿ ಅಲ್ಲ, ಅಲ್ವಾ? ಈಗ ಇಂಥ ಚಿತ್ರ ಕಂಪ್ಯೂಟರೇ ನಿಮಿಷಕ್ಕೆ ನೂರು ಹುಟ್ಸತ್ತೆ. ಇಲ್ದಿದ್ರೆ ಬೇರೆ ಬೇರೆ ವಾರದ್ದು ಆರಿಸಿ ಒಂದೇ ದಿನ ಅನ್ನಬಹುದು."

"ಅದು ಫಿಲ್ಮಪ್ಪಾ," ಎಂದ ಫರಾಮರ್ಜ್.

"ಸರಿ, ಫಿಲ್ಮ್. ಒಂದು ಸುರುಳಿಗೆ ಎಷ್ಟು?" ಅವನು ಹೆಡ್ವಿಗ್ ಕಡೆ ತಿರುಗಿದ. "ಹನ್ನೆರಡು ತಾನೇ? ಇಲ್ಲಿ ಹನ್ನೊಂದಿದೆ. ಅಂಚಲ್ಲೇ ಸಂಖ್ಯೆ ಅಚ್ಚಾಗಿದೆ. ಆರು, ಎಂಟು. ಏಳೆಲ್ಲಿ?"

ಹೆಡ್ವಿಗ್ ನೆಲ ನೋಡಿದಳು. ಅಭ್ಯಾಸದಂತೆ ತಲೆ ತಗ್ಗಿತ್ತು. ಅಲ್ಲಿ ಗಾಜಿರಲಿಲ್ಲ, ತನ್ನವೇ ಬೂಟುಗಳಿದ್ದವು.

"ಕೆಟ್ಟುಹೋಯ್ತು," ಎಂದು ಗುನ್ವೋರ್ ಬಾಯಿ ಹಾಕಿದಳು. "ನಾನೇ ಕೆಡಿಸಿದ್ದು. ಮುದುಕಿ ಕೈ."

"ಹಾಗಂದ್ರೆ ಯಾರೂ ಇಲ್ಲದ ಹೊತ್ತು," ಎಂದು ಹಾಂಪುಸ್ ಸಮಾಧಾನದ ದನಿಯಲ್ಲಿ ಹೇಳಿದ. "ಪರವಾಗಿಲ್ಲ, ನಮಗೆ ಬೇಕಾದ್ದನ್ನ ಇಟ್ಕೋತೀವಿ, ಬೇಡದ್ದನ್ನ ಬಿಡ್ತೀವಿ. ಎಲ್ಲರೂ ಮಾಡೋದೇ."

ಹೆಡ್ವಿಗ್ ತಲೆ ಎತ್ತಿದಳು.

"ಎಲ್ಲರೂ ಮಾಡಲ್ಲ," ಅಂದಳು. ದನಿ ಅವಳಿಗೇ ಹೊಸದಾಗಿ ಕೇಳಿಸಿತು. ಚೀಲದಿಂದ ಸುರುಳಿ ತೆಗೆದಳು. ಕಿಟಕಿಯ ಮೇಲಿನ ಹಗ್ಗಕ್ಕೆ ಒಂದು ಕ್ಲಿಪ್ಪು, ಕೆಳತುದಿಗೆ ಭಾರಕ್ಕೆ ಇನ್ನೊಂದು. ಇಡೀ ಫಿಲ್ಮ್ ಬೆಳಕಿನಲ್ಲಿ ನೇರ ಇಳಿಯಿತು: ಒಂದರಿಂದ ಹನ್ನೆರಡು, ಎಲ್ಲೂ ಕತ್ತರಿ ತಾಕಿಲ್ಲ. ಕಪ್ಪು ಬಿಳುಪಾಗಿ, ಬಿಳುಪು ಕಪ್ಪಾಗಿ, ಪ್ರತಿ ಚೌಕದಲ್ಲೂ ಒಂದು ಪುಟ್ಟ ಗಡಿಯಾರ, ಒಂದೊಂದು ಹೆಜ್ಜೆ ಸರಿಯುವ ಬಿಸಿಲ ತುಂಡು.

"ಒಂದೇ ದಿನ. ಬಿಸಿಲನ್ನೂ ಕಂಪ್ಯೂಟರೇ ನಡೆಸ್ತಾ, ಹೇಳು. ಏಳು ಇಲ್ಲಿದೆ."

ಹಾಂಪುಸ್ ಬಗ್ಗಿ ನೋಡಿದ. "ಇದೇನು, ತಟ್ಟೆಗಳಾ?"

"ನನ್ನ ಡಾರ್ಕ್‌ರೂಮ್. ಒಣಗಿಸೋ ಕೋಣೇಲಿ. ಪ್ರತಿ ಗುರುವಾರ ಒಂದರಿಂದ ಮೂರು, ನನ್ನ ಬೀಗ ಹಾಕಿ."

"ಇದು ಒಂಬತ್ತನೇ ನಿಯಮ..."

"ಗೊತ್ತು. ಎರಡು ವರ್ಷದಿಂದ ಅದರ ಎದುರೇ ನಿಂತು ಬಟ್ಟೆ ಹಾಕ್ತೀನಿ."

"ನಿಂದು ಎರವಲು ಮನೆ ಅಲ್ವಾ? ಒಪ್ಪಿಗೆ ಮತ್ತೆ ಸಿಗೋದು ಕಷ್ಟ ಆಗತ್ತೆ. ನಾನು ಇದನ್ನ ಬರೀಲೇಬೇಕು."

"ಬರಿ. ಹದಿನಾಲ್ಕನೇ ಮನೆ, ಹೆಡ್ವಿಗ್. ಜೊತೆಗೆ ಇದನ್ನೂ ಬರಿ, ಒಂದರಿಂದ ಮೂರರವರೆಗೂ ಕೋಣೆ ಖಾಲಿ ಇರಲಿಲ್ಲ ಅಂತ. ಎರಡೂ ಒಂದೇ ಚೌಕದಲ್ಲಿದೆ. ಒಂದನ್ನ ಬರೆದು ಒಂದನ್ನ ಬಿಡೋಕಾಗಲ್ಲ."

ಅವನು ಪೆನ್ನಿನ ಮುಚ್ಚಳ ತೆಗೆದ.

ಹಿಂದಿನ ಸಾಲಿನಿಂದ ಕುರ್ಚಿ ಕಿರುಗುಟ್ಟಿತು. "ಒಂದ್ ನಿಮಿಷ, ಒಂದ್ ನಿಮಿಷ," ಎಂದು ಫರಾಮರ್ಜ್ ಎದ್ದು ನಿಂತಿದ್ದ. "ಆ ವಿನೆಗರ್ ವಾಸನೆ ನಿಂದಾ? ಎರಡು ವರ್ಷ! ಎರಡು ವರ್ಷ ನನ್ನ ಉಪ್ಪಿನಕಾಯಿ ಬೈಸ್ಕೊಂಡಿದೆ!" ಗುನ್ವೋರ್ ಕಡೆ ಬೆರಳು ತೋರಿಸಿದ. "ಕ್ಷಮೆ ಚೀಟಿ ಬರಿ, ಅಜ್ಜಿ. ದಪ್ಪಕ್ಷರದಲ್ಲಿ."

ನಗುವಿನಲ್ಲಿ ಸಭೆ ಮುಗಿಯಿತು. ಹಾಂಪುಸ್ ಮಾತ್ರ ನಗಲಿಲ್ಲ. ಎರಡನ್ನೂ ಬರೆದುಕೊಂಡು ಹೋದ.

ಮೇ ತಿಂಗಳಲ್ಲಿ ಎರಡು ಕಾಗದ ಬಂದವು. ಮೊದಲನೆಯದು ಎಲ್ಲರಿಗೂ: ಕೋಣೆ ಬಳಕೆಯಲ್ಲಿರುವುದು ಕಂಡುಬಂದ ಕಾರಣ ಯೋಜನೆ ಕೈಬಿಡಲಾಗಿದೆ. ಎರಡನೆಯದು ಹೆಡ್ವಿಗ್‌ಗೆ: ಒಂಬತ್ತನೇ ನಿಯಮ ಮುರಿದ ಬಗ್ಗೆ ಎಚ್ಚರಿಕೆ, ಮನೆಯ ಒಪ್ಪಿಗೆಯ ವಿಚಾರ ಶರತ್ಕಾಲದಲ್ಲಿ ತೀರ್ಮಾನವಾಗುವುದು. ಅವಳು ಎರಡನ್ನೂ ಸರದಿ ಹಲಗೆಯ ಪಕ್ಕ ಅಕ್ಕಪಕ್ಕದಲ್ಲೇ ಅಂಟಿಸಿದಳು.

ಗುರುವಾರ ಒಂದು ಗಂಟೆಗೆ ತಟ್ಟೆಗಳನ್ನು ಎದೆಗವಚಿಕೊಂಡು ಇಳಿದು ಬಂದಾಗ ಒಣಗಿಸುವ ಕೋಣೆಯ ಬಾಗಿಲಿಗೆ ಹೊಸ ಚೀಟಿ ಅಂಟಿತ್ತು. "ಗುರುವಾರ ಒಂದರಿಂದ ಮೂರು ಈ ಬಾಗಿಲು ತೆರೆಯಬೇಡಿ. ಒಳಗೆ ಬೆಳಕು ಬಿಟ್ಟವರ ಕಾಲುಚೀಲಗಳಿಗೆ ನಾನು ಜವಾಬ್ದಾರಳಲ್ಲ." ಕೆಳಗೆ ಸಣ್ಣಕ್ಷರದಲ್ಲಿ: "ಉಪ್ಪಿನಕಾಯಿ ನಿರಪರಾಧಿ."

ಆ ದಿನ ಹೆಡ್ವಿಗ್ ಏಳನೇ ಚೌಕವನ್ನು ಮೂಡಿಸಿದಳು, ಉಳಿದವುಗಳ ಎರಡರಷ್ಟು ದೊಡ್ಡದಾಗಿ. ಒದ್ದೆ ಕಾಗದವನ್ನು ಹೊರಗೆ ತಂದು ಒಂಬತ್ತನೇ ನಿಯಮದ ಪಕ್ಕದಲ್ಲೇ ನೇತುಹಾಕಿದಳು. ಗುನ್ವೋರ್ ಹೊದಿಕೆ ಒತ್ತುವುದನ್ನು ನಿಲ್ಲಿಸಿ, ಕನ್ನಡಕ ಸರಿಮಾಡಿಕೊಂಡು ನೋಡಿದಳು.

"ವಾರೆ ಬಂದಿದೆ. ಬಾಯಿ ಬೇರೆ ತೆರ್ಕೊಂಡಿದೀಯ."

"ತೆಗೆದೋಳು ನೀನೇ," ಎಂದಳು ಹೆಡ್ವಿಗ್. "ನಾನೇನೋ ಹೇಳೋಕೆ ಹೊರಟಿದ್ದೆ."