ನಾಲ್ಕನೇ ಹಾಡಿನ ಮೌನ

ಆಲ್ಬಮ್ ಬಿಡುಗಡೆಯಾದ ವಾರದಲ್ಲಿ ಅದರ ಬಗ್ಗೆ ಬಂದ ಪ್ರತಿ ಮಾತನ್ನೂ ಬಿಡದೆ ಓದಿದವನು ಆ ಬ್ಯಾಂಡಿನ ಡ್ರಮ್ಮರ್ ಒಬ್ಬನೇ ಇರಬೇಕು. ಅಭಿಮಾನಿಗಳು ಅವನನ್ನು ಗುಡುಗು ಎಂದು ಕರೆಯುತ್ತಿದ್ದರು. ಹಗಲು ಹೊತ್ತು ಗುಡುಗು ಮರಗೆಲಸದ ಕಾರ್ಖಾನೆಯೊಂದರಲ್ಲಿ ಕುರ್ಚಿ ಮೇಜುಗಳಿಗೆ ಪಾಲಿಶ್ ಹಾಕುತ್ತಿದ್ದ. ಸ್ಯಾಂಡ್ ಪೇಪರಿನಿಂದ ಒಂದಷ್ಟು ಉಜ್ಜುವುದು, ಬೆರಳಿನ ಧೂಳು ಒರೆಸಿಕೊಂಡು ಫೋನಿನಲ್ಲಿ ಒಂದು ವಿಮರ್ಶೆ ಓದುವುದು, ಮತ್ತೆ ಉಜ್ಜುವುದು. ಹೆಸರಿನ ಹುಚ್ಚು ಎಂದುಕೊಂಡು ಮೇಸ್ತ್ರಿ ನೋಡಿಯೂ ನೋಡದವನಂತೆ ಇದ್ದ.

ಹೆಸರಿನ ಹುಚ್ಚಲ್ಲ ಅದು. ಆಲ್ಬಮ್ ಹೇಗಿದೆ ಎಂದು ತಿಳಿಯಲು ಅವನಿಗೆ ಬೇರೆ ದಾರಿಯೇ ಇರಲಿಲ್ಲ. ಕೆಲವು ವರ್ಷಗಳಿಂದ ಅವನ ಕಿವಿ ಮೆಲ್ಲಮೆಲ್ಲಗೆ ಬಾಗಿಲು ಹಾಕಿಕೊಳ್ಳುತ್ತಿತ್ತು. ಈಗ ಎದುರಿಗಿದ್ದವರ ತುಟಿ ನೋಡಿಯೇ ಮಾತು ಹಿಡಿಯಬೇಕು. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಕೋಲು ಕೆಳಗಿಡಬೇಕಾದೀತು ಎಂಬ ಭಯ. ಹಿಂದಿನ ಆಲ್ಬಮ್‌ಗಳು ಗೋಡೆ ನಡುಗಿಸುವಂಥವು, ಸದ್ದು ಎದೆಗೇ ಬಂದು ಬಡಿಯುತ್ತಿತ್ತು, ಹೇಗೋ ನಡೆದುಹೋಯಿತು. ಈ ಸಲ ಹಾಡು ಬರೆದು ಹಾಡುವ ಅಕ್ಕ, ಅರಚಿ ಅರಚಿ ಸಾಕಾಯ್ತು, ಇನ್ನು ಪಿಸುಮಾತಿನಲ್ಲಿ ಹಾಡೋಣ ಎಂದುಬಿಟ್ಟಳು. ಗಿಟಾರ್ ನುಡಿಸುವ ಭಾವ ಹೂಂ ಎಂದ. ಇವನೂ ಹೂಂ ಎಂದ.

ಆಡುವವರ ಬಾಯಿಗೆ ಬೀಗ ಉಂಟೇ? ಹಳೆಯ ಅಭಿಮಾನಿಗಳು ಸಿಟ್ಟಾಗಿದ್ದರು. ಗುಡುಗಿಗೆ ನೆಗಡಿಯಾಗಿದೆ ಎಂದು ಒಬ್ಬ ಬರೆದ. ಡ್ರಮ್ಮಿಗೆ ಕಂಬಳಿ ಹೊದಿಸಿದ್ದೀರಾ ಎಂದು ಇನ್ನೊಬ್ಬ ಕೇಳಿದ. ಒಬ್ಬ ವಿಮರ್ಶಕ ಅಡ್ಡಗೋಡೆಯ ಮೇಲೆ ದೀಪ ಇಟ್ಟು ಕೈತೊಳೆದುಕೊಂಡಿದ್ದ. ಆದರೆ ಎಲ್ಲರೂ ನಂಬುವ ಹಿರಿಯ ವಿಮರ್ಶಕಿಯೊಬ್ಬರು ನಾಲ್ಕನೇ ಹಾಡನ್ನು ಕೊಂಡಾಡಿದ್ದರು. ನಡುವೆ ಡ್ರಮ್ ತಟ್ಟನೆ ನಿಲ್ಲುತ್ತದೆ, ಹಾಡುವವಳ ದನಿ ಒಂಟಿಯಾಗಿ ನಡೆಯುತ್ತದೆ, ಹೀಗೆ ನಿಲ್ಲಿಸುವುದಕ್ಕೆ ಧೈರ್ಯ ಬೇಕು ಎಂದಿದ್ದರು. ಅದಾದ ಮೇಲೆ ಆ ಮೌನವೇ ಎಲ್ಲರ ಬಾಯಲ್ಲಿ. ಆ ಜಾಗ ಬಂದಾಗ ಕೆಲಸ ಬಿಟ್ಟು ಕಿಟಕಿಯ ಹತ್ತಿರ ಹೋಗಿ ನಿಲ್ಲುತ್ತೇನೆ ಎಂದು ಆಸ್ಪತ್ರೆಯ ನರ್ಸ್ ಒಬ್ಬಳು ಬರೆದಿದ್ದಳು.

ಈ ಮಾತುಗಳನ್ನೆಲ್ಲ ಕೂಡಿಸಿ ಅವನು ತಲೆಯೊಳಗೆ ತನ್ನದೇ ಒಂದು ಆಲ್ಬಮ್ ಕಟ್ಟಿಕೊಂಡ. ಯಾರೋ ನೀಲಿ ಎಂದು ಹೊಗಳಿದ ಹಾಡು ನೀಲಿಯಾಗಿ ಬಂತು. ಒದ್ದೆ ಬಟ್ಟೆ ಎಂದು ಬೈಸಿಕೊಂಡದ್ದು ಹಗ್ಗದ ಮೇಲೆ ತೂಗಾಡುತ್ತಾ ಬಂತು. ಪಾಲಿಶ್ ವಾಸನೆಯ ಅಮಲಿನಲ್ಲಿ, ಕಿಟಕಿಯ ಬಿಸಿಲೊಳಗೆ ಮರದ ಧೂಳು ತೇಲುತ್ತಿರುವಾಗ, ಅಕ್ಕ ಚಿಕ್ಕಂದಿನಲ್ಲಿ ಅವನ ತಲೆ ಒರೆಸುತ್ತಾ ಗುನುಗುತ್ತಿದ್ದ ದನಿ ಆ ಹಾಡುಗಳೊಳಗೆ ಬಂದು ಕೂರುತ್ತಿತ್ತು. ಸುಖವಾಗಿತ್ತು, ಸುಳ್ಳೇಕೆ ಹೇಳಬೇಕು.

ನಾಲ್ಕನೇ ಹಾಡು ಮಾತ್ರ ಬಿಸಿ ತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. ಅಲ್ಲಿ ಧೈರ್ಯವೂ ಇರಲಿಲ್ಲ, ಮಣ್ಣೂ ಇರಲಿಲ್ಲ. ರೆಕಾರ್ಡಿಂಗ್ ದಿನ ಅವನು ಅಕ್ಕನ ತುಟಿ ನೋಡಿಕೊಂಡು ಬಾರಿಸುತ್ತಿದ್ದ. ಹಾಡುವ ಗುಂಗಿನಲ್ಲಿ ಅವಳು ಗೋಡೆಯ ಕಡೆ ತಿರುಗಿಬಿಟ್ಟಳು. ಹಾಡು ಎಲ್ಲಿದೆಯೋ ತಿಳಿಯದೆ ಇವನ ಕೈ ನಿಂತಿತು. ಅವಳು ಮತ್ತೆ ಇತ್ತ ತಿರುಗಿದಾಗ ಸೇರಿಕೊಂಡ. ಬೇಕೆಂದೇ ನಿಲ್ಲಿಸಿದನೆಂದು ತಿಳಿದ ಅಕ್ಕ ಓಡಿ ಬಂದು ಅವನ ತಲೆ ಸವರಿ, ಇದನ್ನೇ ಇಡೋಣ ಎಂದಿದ್ದಳು. ಈಗ ಶನಿವಾರ ಅದೇ ಹಾಡನ್ನು ವೇದಿಕೆಯ ಮೇಲೆ ನುಡಿಸಬೇಕು. ಅಲ್ಲಿ ಅಕ್ಕ ಜನರ ಕಡೆ ಮುಖ ಮಾಡಿ ನಿಲ್ಲುತ್ತಾಳೆ, ಹಿಂದೆ ಕೂತವನಿಗೆ ಕಾಣುವುದು ಅವಳ ಜಡೆ. ಜಡೆ ನೋಡಿ ತಾಳ ಹಾಕಿದವರು ಯಾರಿದ್ದಾರೆ?

ಶುಕ್ರವಾರ ಸಂಜೆ ಅವನು ಅಕ್ಕನ ಟೈಲರಿಂಗ್ ಅಂಗಡಿಗೆ ಹೋದ. ಅವಳು ಕೋಟಿಗೆ ಗುಂಡಿ ಹಾಕುತ್ತಿದ್ದಳು. ಎದುರಿನ ಸ್ಟೂಲಿನಲ್ಲಿ ಕೂತು ಎಲ್ಲವನ್ನೂ ಹೇಳಿದ, ಕಿವಿಯ ವಿಷಯ, ಗೋಡೆಯ ವಿಷಯ, ನಾಳೆಯ ಭಯ. ಕಾರ್ಯಕ್ರಮ ಹಾಳಾಯಿತೆಂದು ಬೈಯುತ್ತಾಳೆ ಎಂದುಕೊಂಡಿದ್ದ. ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿ ಪಕ್ಕಕ್ಕಿಟ್ಟಳು.

"ಎಲ್ಲರ ಮಾತೂ ಕೇಳಿದೆ ಕಣೋ. ನನಗೆ ಬೇಕಿದ್ದದ್ದು ನಿನ್ನ ಮಾತು. ಆಲ್ಬಮ್ ಬಂದ ದಿನ ತುಂಬಾ ಚೆನ್ನಾಗಿದೆ ಅಕ್ಕ ಅಂದೆಯಲ್ಲ, ಅದೊಂದನ್ನೇ ನಂಬಿಕೊಂಡಿದ್ದೆ."

"ಕೇಳಿಸಿರಲಿಲ್ಲ ಅಕ್ಕ."

ನಾಚಿಕೆಯಿಂದ ಅವನು ತಲೆ ತಗ್ಗಿಸಿದ. ತಗ್ಗಿಸಿದ್ದರಿಂದ ಮುಂದೆ ಅವಳು ಏನಂದಳೋ ತಿಳಿಯಲಿಲ್ಲ. ತಲೆ ಎತ್ತುವ ಹೊತ್ತಿಗೆ ಅವಳು ಕಣ್ಣೊರೆಸಿಕೊಂಡು ಮತ್ತೆ ಗುಂಡಿ ಹಿಡಿದಿದ್ದಳು. ತನ್ನ ಜಾಗಕ್ಕೆ ಇನ್ನು ಬೇರೆ ಯಾರೋ ಬರುತ್ತಾರೆ ಎಂದುಕೊಂಡೇ ಅವನು ಮನೆಗೆ ಹೋದ.

ಆದರೆ ಶನಿವಾರ ಭಾವ ಮನೆಗೇ ಬಂದು ಅವನನ್ನು ಕರೆದುಕೊಂಡು ಹೋದ. ಸಭಾಂಗಣ ತುಂಬಿತ್ತು. ಮೊದಲಿಗೆ ಹಳೆಯ, ಅಬ್ಬರದ ಹಾಡುಗಳು. ಅವನ್ನು ಅವನ ಕೈಗಳೇ ಬಲ್ಲವು. ಆಮೇಲೆ ನಾಲ್ಕನೇ ಹಾಡಿನ ಸರದಿ ಬಂತು. ಅಕ್ಕ ಮೈಕಿನ ಸ್ಟ್ಯಾಂಡ್ ಎತ್ತಿಕೊಂಡು ನೇರ ಡ್ರಮ್ಮಿನ ಮುಂದೆ ಬಂದು, ಅಷ್ಟೂ ಜನರಿಗೆ ಬೆನ್ನು ಹಾಕಿ ನಿಂತಳು. ಅವಳ ಹೆಗಲಾಚೆ ಜನ ಕೈ ಬೀಸಿ ಕೂಗುತ್ತಿರುವುದು ಅವನಿಗೆ ಕಂಡಿತು. ಅವಳು ಹಾಡತೊಡಗಿದಳು.

ಒಂದೊಂದೇ ಪದ ಅವಳ ತುಟಿಯಿಂದ ಅವನ ಕೈಗೆ ಇಳಿದು ಬಂತು. ಮೌನದ ಜಾಗ ಬಂತು, ಅವಳು ಮುಖ ತಿರುಗಿಸಲಿಲ್ಲ, ಅವನ ಕೈಯೂ ನಿಲ್ಲಲಿಲ್ಲ. ಅರ್ಧ ಸಭಾಂಗಣ ಯಾವುದಕ್ಕೆಂದು ಬಂದಿತ್ತೋ ಆ ಮೌನ ಅಂದು ಬರಲೇ ಇಲ್ಲ. ತಾನು ಕಟ್ಟಿಕೊಂಡಿದ್ದ ಹಾಡಿಗಿಂತ ಇದು ಬೇರೆಯೇ ಇತ್ತು, ಇನ್ನೂ ಸರಳವಾಗಿತ್ತು.

ಹಾಡು ಮುಗಿದಾಗ ಅಕ್ಕ ಮೈಕನ್ನು ಪಕ್ಕಕ್ಕೆ ಸರಿಸಿ, ಅವನಿಗೆ ಮಾತ್ರ ಕಾಣುವಂತೆ ಕೇಳಿದಳು.

"ಈಗ ಹೇಳು, ಹೇಗಿದೆ?"

"ಎರಡನೇ ಚರಣ ಸ್ವಲ್ಪ ಉದ್ದ ಆಯ್ತಕ್ಕ."

ಅಕ್ಕ ಜನರಿಗೆ ಬೆನ್ನು ಹಾಕಿಕೊಂಡೇ ನಕ್ಕಳು, ನಗುತ್ತಲೇ ಅತ್ತಳು.