ಅತ್ತೆ ಕೊಟ್ಟ ಉತ್ತರ

ಗಂಜಿಯಮ್ಮನ ಲಾಂಡ್ರಿಯಿಂದ ವಾಪಸು ಬಂದ ಬಟ್ಟೆಯಲ್ಲಿ ಕಲೆ ಹುಡುಕಿ ತೋರಿಸಿದವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ಚಹಾ ಚೆಲ್ಲಿದ ಅಂಗಿ, ಶಾಯಿ ಸೋರಿದ ಜೇಬು, ಲಾಡ್ಜಿನ ಹಾಸುಬಟ್ಟೆಗಳ ಮೇಲಿನ ಹೇಳಬಾರದ ಗುರುತುಗಳು, ಎಲ್ಲವೂ ಹಿತ್ತಿಲಿನ ಹಂಡೆಯಲ್ಲಿ ಬಟ್ಟೆ ಒಗೆಯುವ ಸೋಡಾ ಕದಡಿದ ನೀರಿನಲ್ಲಿ ಕುದ್ದು, ಗಂಜಿ ಹಾಕಿಸಿಕೊಂಡು, ಇಸ್ತ್ರಿ ಮೇಜಿನ ಮೇಲೆ ಬೆಳ್ಳಗೆ ಮಲಗುತ್ತಿದ್ದವು. ಬಟ್ಟೆಗೆ ಹಾಕುವ ಗಂಜಿಯಲ್ಲಿ ಅರ್ಧವನ್ನು ಆಯಮ್ಮ ತನ್ನ ಬೆನ್ನಿಗೇ ಹಾಕಿಕೊಂಡಿದ್ದಾಳೆ ಎಂದು ಬೀದಿಯವರು ನಗುತ್ತಿದ್ದರು. ಹೆಸರು ಬಂದದ್ದೂ ಹಾಗೆಯೇ. ಆಕೆಯ ಮೂಗಂತೂ ಇನ್ನೂ ಹೆಸರುವಾಸಿ. ಗಂಟು ಬಿಚ್ಚುವ ಮೊದಲೇ ಮೂಸಿ, ಒಳಗೆ ಏನೇನು ಹೊಲಸಾಗಿದೆ ಎಂದು ಹೇಳಿಬಿಡುತ್ತಿದ್ದಳು.

ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಬಸುರಿ ಸೊಸೆ ಡಾಕ್ಟರ ಮುಂದೆ ಬಾಯಿ ತೆರೆಯಬಾರದು. ಅತ್ತೆ ಜೊತೆಗೆ ಹೋಗಬೇಕು, ಕೇಳಿದ್ದಕ್ಕೆಲ್ಲ ಅತ್ತೆಯೇ ಉತ್ತರ ಕೊಡಬೇಕು, ಸೊಸೆ ತಲೆ ತಗ್ಗಿಸಿ ಕೂತಿರಬೇಕು. ಗಂಜಿಯಮ್ಮನ ಪರವಾಗಿ ಆಕೆಯ ಅತ್ತೆ ಹೀಗೆಯೇ ಮಾತಾಡಿದ್ದಳು. ಹಿರಿಸೊಸೆಯ ಹೆರಿಗೆಗಳೂ ಹೀಗೆಯೇ ಆಗಿದ್ದವು. ಇದಕ್ಕೆ ಅವರು ಇಟ್ಟ ಹೆಸರು ಮರ್ಯಾದೆ. ಹೆಸರೇನೋ ಚೆನ್ನಾಗಿದೆ, ಓದುಗರೇ. ಅದರ ಅಡಿಯಲ್ಲಿ ಏನು ಕೊಳೆಯುತ್ತದೆ ಎಂದು ತೋರಿಸುವುದಕ್ಕೇ ಈ ಕಥೆ.

ಕಿರಿಸೊಸೆಯನ್ನು ಮನೆಯಲ್ಲಿ ಎಲ್ಲರೂ ಚಿಕ್ಕವಳು ಎನ್ನುತ್ತಿದ್ದರು. ಮದುವೆಯಾಗಿ ಎಷ್ಟೋ ಕಾಲದ ಮೇಲೆ, ಬಂಜೆ ಎಂಬ ಮಾತು ಕಿವಿಗೆ ಬೀಳಲು ಶುರುವಾದ ಮೇಲೆ, ಅವಳಿಗೆ ಬಸಿರು ನಿಂತಿತ್ತು. ಇಸ್ತ್ರಿ ಮಾಡುವಾಗ ಹೊಟ್ಟೆಯೊಳಗೆ ಕೂಸು ಒದ್ದರೆ ಅವಳು ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು, "ಏನೋ ಕಳ್ಳ, ಶಾಖ ಜಾಸ್ತಿ ಆಯ್ತಾ?" ಎಂದು ಪಿಸುಗುಡುತ್ತಿದ್ದಳು. ಆ ಕೂಸು ಕೈಗೆ ಬಂದರೆ ಸಾಕು, ಬೇರೇನೂ ಬೇಡ ಎಂದುಕೊಂಡಿದ್ದಳು.

ಐದನೇ ತಿಂಗಳಲ್ಲಿ ಅವಳಿಗೆ ಬಿಳಿ ಹೋಗಲು ಶುರುವಾಯಿತು. ನೀರುನೀರಾಗಿ, ಬೂದು ಬಣ್ಣ, ಮೀನಿನಂಥ ವಾಸನೆ. ಅವಳು ಓರಗಿತ್ತಿಯ ಹತ್ತಿರ ಹೇಳಿಕೊಂಡಳು.

"ಅಕ್ಕಾ, ಇದು ಸರಿ ಕಾಣ್ತಾ ಇಲ್ಲ. ಡಾಕ್ಟರಮ್ಮನಿಗೆ ಹೇಳ್ಲಾ?"

"ನಿನಗೇನು ತಲೆ ಕೆಟ್ಟಿದ್ಯಾ? ಅತ್ತೆ ಕಿವಿಗೆ ಬಿದ್ರೆ ನಿನ್ನ ಜೊತೆ ನನ್ನನ್ನೂ ಸಿಗಿದು ಹಾಕ್ತಾರೆ. ಬಟ್ಟೆ ಒಗೆದು ಮಂಚದ ಕೆಳಗೆ ಒಣಗಿಸ್ಕೋ, ಯಾರ ಕಣ್ಣಿಗೂ ಬೀಳಬಾರದು."

ಊರಿನವರ ಬಟ್ಟೆಗೆಲ್ಲ ಬಿಸಿಲು, ಇವಳ ಬಟ್ಟೆಗೆ ಮಂಚದ ಕೆಳಗಿನ ಕತ್ತಲೆ. ಕಣ್ಣಿಗೆ ಬೀಳದಿದ್ದರೇನು, ಮೂಗು ಬಿಡಬೇಕಲ್ಲ! ಒಂದು ಬೆಳಿಗ್ಗೆ ಗಂಜಿಯಮ್ಮ ಗಂಟುಗಳನ್ನು ಒಂದೊಂದಾಗಿ ಮೂಸುತ್ತ ಬಂದವಳು ಸೊಸೆಯ ಬಳಿ ನಿಂತಳು. ಕೆಲಸದ ಹೆಂಗಸರೆಲ್ಲ ನೋಡುತ್ತಿದ್ದರು.

"ಗಂಟಲ್ಲ ಇದು, ನೀನೇ," ಎಂದಳು. "ಥೂ! ಊರಿನ ಕೊಳೆ ತೆಗೆಯೋ ಮನೇಲಿ ಇಂಥ ಹೊಲಸು ಇಟ್ಕೊಂಡು ಓಡಾಡ್ತೀಯಾ?"

ಯಾರೋ ಕಿಸಕ್ಕೆಂದರು. ಚಿಕ್ಕವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಆಮೇಲೆ ನಡೆದದ್ದು ಲಾಂಡ್ರಿ ನಡೆಸುವವರ ತಲೆಗೆ ಮಾತ್ರ ಹೊಳೆಯುವಂಥದ್ದು. ಕಲೆ ಎಂದ ಮೇಲೆ ತೊಳೆಯಬೇಕು, ಹೋಗದಿದ್ದರೆ ಇನ್ನೂ ಜೋರಾಗಿ ತೊಳೆಯಬೇಕು. ಗಂಜಿಯಮ್ಮ ಹಂಡೆಯಿಂದ ಸೋಡಾ ನೀರು ಬಗ್ಗಿಸಿ, ಬೇರೆ ನೀರು ಬೆರೆಸಿ ತೆಳುಮಾಡಿ, ಬಚ್ಚಲಿಗೆ ತಂದಿಟ್ಟಳು. "ಒಳಗಿನವರೆಗೂ ತೊಳ್ಕೋ," ಎಂದು ಬಾಗಿಲಾಚೆ ಕಾವಲು ನಿಂತಳು. ಚಿಕ್ಕವಳು ಉರಿ ತಾಳಲಾರದೆ ಗೋಡೆಗೆ ಹಣೆ ಒತ್ತಿಕೊಂಡಳು.

"ಉರೀತಿದೆ ಅತ್ತೆ!"

"ಉರಿಯಲಿ. ಉರಿದ್ರೇನೇ ಕೊಳೆ ಬಿಡೋದು."

ಎರಡು ದಿನ ವಾಸನೆ ಅಡಗಿದಂತಾಗಿ ಮತ್ತೆ ಹೆಚ್ಚಾಗಿ ಬಂತು. ಮತ್ತೆ ಸೋಡಾ ನೀರು ಬಂತು. ಗಂಡ, ಸೈಕಲ್ಲಿನ ಮೇಲೆ ಗಂಟು ಹೇರಿಕೊಂಡು ಮನೆಮನೆಗೆ ಬಟ್ಟೆ ತಲುಪಿಸುವವನು, ಹಾಸಿಗೆ ಸುತ್ತಿಕೊಂಡು ಅಂಗಡಿಯಲ್ಲಿ ಮಲಗತೊಡಗಿದ. ಅವಳು ಅತ್ತು ಹೇಳಿದರೆ, "ಅಮ್ಮನಿಗಿಂತ ನಿನಗೆ ಜಾಸ್ತಿ ಗೊತ್ತಾ? ಮಕ್ಕಳನ್ನ ಹೆತ್ತಿರೋದು ಅವಳು," ಎಂದ. ಅಷ್ಟು ಹೇಳಲೂ ಅವನು ಬಾಗಿಲ ಹೊರಗೇ ನಿಂತಿದ್ದ.

ತಪಾಸಣೆಯ ದಿನ ಡಾಕ್ಟರಮ್ಮ ಎಲ್ಲ ಬಸುರಿಯರನ್ನೂ ಕೇಳುವಂತೆ ಕೇಳಿದರು: "ಬಿಳಿ ಹೋಗೋದು, ವಾಸನೆ, ಉರಿ ಏನಾದ್ರೂ ಇದೆಯೇನಮ್ಮಾ?"

"ಛೀ ಛೀ, ಎಲ್ಲಾದ್ರೂ ಉಂಟಾ!" ಎಂದಳು ಗಂಜಿಯಮ್ಮ. "ಬಟ್ಟೆ ಒಗೆಯೋ ಮನೆ ನಮ್ದು ಡಾಕ್ಟರಮ್ಮ. ನಾವೇ ಶುದ್ಧವಾಗಿಲ್ದೆ ಹೋದ್ರೆ ಹೇಗೆ?"

ಡಾಕ್ಟರಮ್ಮ ಸೊಸೆಯ ಕಡೆ ತಿರುಗಿದರು. "ನೀನು ಹೇಳಮ್ಮಾ."

ನಾಲಿಗೆಯ ತುದಿಗೆ ಮಾತು ಬಂದಿತ್ತು. ಮೇಜಿನ ಅಡಿಯಲ್ಲಿ ಅತ್ತೆಯ ಕೈ ಅವಳ ತೊಡೆಯ ಮೇಲಿತ್ತು, ಬೆರಳುಗಳು ಮಾಂಸ ಹಿಡಿದು ಹಿಂಡುತ್ತಿದ್ದವು. ಚಿಕ್ಕವಳು ಇಲ್ಲವೆಂದು ತಲೆಯಾಡಿಸಿದಳು. ಹೊರಗೆ ಸಾಲು ಉದ್ದವಿತ್ತು. ಡಾಕ್ಟರಮ್ಮ ಕಬ್ಬಿಣದ ಗುಳಿಗೆ ಬರೆದುಕೊಟ್ಟು ಮುಂದಿನವರನ್ನು ಕರೆದರು.

ಆರನೇ ತಿಂಗಳು ಮುಗಿಯುತ್ತಿತ್ತು. ನಡುಮಧ್ಯಾಹ್ನ, ಇಸ್ತ್ರಿ ಮೇಜಿನ ಮುಂದೆ ನಿಂತಿದ್ದಾಗಲೇ ಅವಳ ಸೊಂಟ ಹಿಡಿದುಕೊಂಡು ನೀರು ಹರಿಯಿತು. ಆಸರೆಗೆಂದು ಅವಳು ಮೇಜಿನ ಮೇಲಿದ್ದ ಹಾಸುಬಟ್ಟೆಯನ್ನು ಬಾಚಿ ಹಿಡಿದು, ಅದರ ಸಮೇತ ನೆಲಕ್ಕೆ ಕುಸಿದಳು.

"ಅಯ್ಯಯ್ಯೋ, ಲಾಡ್ಜಿನ ಹಾಸುಬಟ್ಟೆ!" ಎಂದು ಗಂಜಿಯಮ್ಮ ಓಡಿ ಬಂದು, ಮೊದಲು ಬಟ್ಟೆಯನ್ನು ಸೊಸೆಯ ಕೆಳಗಿನಿಂದ ಎಳೆದುಕೊಂಡಳು.

ಗಂಡು ಕೂಸು. ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಅಂಗೈಯಷ್ಟಗಲದ ಎದೆ ಏರಿಳಿಯುತ್ತಿತ್ತು. ಸಂಜೆ ಬೀಳುವ ಹೊತ್ತಿಗೆ ಅದೂ ನಿಂತಿತು.

ಡಾಕ್ಟರಮ್ಮ ಬಂದು ಮಂಚದ ಬಳಿ ನಿಂತರು. "ಮೊದಲು ಏನಾದ್ರೂ ತೊಂದ್ರೆ ಇತ್ತಾ?"

"ಭಾರದ ಇಸ್ತ್ರಿ ಪೆಟ್ಟಿಗೆ ಎತ್ಬೇಡ ಅಂತ ಬಡ್ಕೊಂಡೆ, ಕೇಳಲಿಲ್ಲ," ಎಂದು ಗಂಜಿಯಮ್ಮ ಕಣ್ಣೊರೆಸಿಕೊಂಡಳು. "ತಾನೇ ಕೈಯಾರೆ ತಿಂದ್ಕೊಂಡ್ಲು ಮಗೂನ."

ಅಲ್ಲಿಯವರೆಗೆ ಗೋಡೆ ನೋಡುತ್ತ ಮಲಗಿದ್ದ ಚಿಕ್ಕವಳು ತಿರುಗಿದಳು. "ಸುಳ್ಳು," ಎಂದಳು. ಆಮೇಲೆ ಅವಳನ್ನು ಯಾರಿಗೂ ತಡೆಯಲಾಗಲಿಲ್ಲ. ಬೂದು ನೀರು, ಮಂಚದ ಕೆಳಗಿನ ಬಟ್ಟೆ, ಬಚ್ಚಲಿನ ಸೋಡಾ, ತೊಡೆ ಹಿಂಡಿದ ಬೆರಳು, ಎಲ್ಲವನ್ನೂ ಹೇಳಿದಳು. ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಕೂತರು.

"ಇದು ಕೊಳೆ ಅಲ್ಲಮ್ಮಾ, ಸೋಂಕು," ಎಂದು ಅತ್ತೆಗೆ ಹೇಳಿದರು. "ಹೆಣ್ಣಿನ ದೇಹದೊಳಗೆ ಅದನ್ನ ಕಾಯೋ ಒಳ್ಳೇ ಬ್ಯಾಕ್ಟೀರಿಯಾ ಇರ್ತಾವೆ. ಅವು ಕಡಿಮೆಯಾಗಿ ಬೇರೆಯವು ಮಿತಿಮೀರಿ ಬೆಳೆದಾಗ ಹೀಗಾಗುತ್ತೆ. ಯಾರಿಗೆ ಬೇಕಾದ್ರೂ ಬರಬಹುದು. ನೀವು ತೊಳೆದೂ ತೊಳೆದೂ ಕಾವಲಿದ್ದವನ್ನೇ ಓಡಿಸಿದ್ರಿ. ಬಸುರಿಗೂ ಕೊಡಬಹುದಾದ ಗುಳಿಗೆ ಇದೆ, ಒಂದು ವಾರ ನುಂಗಿದ್ರೆ ಸಾಮಾನ್ಯವಾಗಿ ವಾಸಿಯಾಗುತ್ತೆ."

"ನಮ್ಮ ಕಾಲದಲ್ಲಿ ಯಾರು ಗುಳಿಗೆ ನುಂಗಿದ್ರು? ನಾವು ಹೆರಲಿಲ್ವಾ?"

"ಹೆತ್ತಿರಿ. ಎಷ್ಟು ಉಳಿದ್ವು?"

ಗಂಜಿಯಮ್ಮ ಸೆರಗು ಎಳೆದು ಹೊದ್ದುಕೊಂಡಳು. ಆಕೆ ಹೆತ್ತದ್ದರಲ್ಲಿ ಉಳಿದವರು ಈ ಇಬ್ಬರು ಗಂಡುಮಕ್ಕಳು ಮಾತ್ರ. ಉಳಿಯದವರ ಲೆಕ್ಕವನ್ನು ಆ ಮನೆಯಲ್ಲಿ ಯಾರೂ ತೆಗೆಯುತ್ತಿರಲಿಲ್ಲ.

"ಆ ಗುಳಿಗೆ ನುಂಗಿದ್ರೆ ನನ್ನ ಕೂಸು ಉಳೀತಿತ್ತಾ?" ಎಂದು ಚಿಕ್ಕವಳು ಕೇಳಿದಳು.

"ಆಣೆ ಮಾಡಿ ಹೇಳೋಕಾಗಲ್ಲಮ್ಮಾ. ಈ ಸೋಂಕಿದ್ರೆ ದಿನ ತುಂಬೋ ಮೊದ್ಲೇ ಹೆರಿಗೆಯಾಗೋ ಅಪಾಯ ಹೆಚ್ಚು. ಅಷ್ಟು ಗೊತ್ತು. ಪರೀಕ್ಷೆ ಮಾಡಿ ಔಷಧ ಕೊಡೋ ಅವಕಾಶ ಇತ್ತು, ಕಳ್ಕೊಂಡ್ವಿ. ನಿನ್ನನ್ನ ಒಬ್ಬಳನ್ನೇ ಕೂರಿಸಿ ಕೇಳ್ಬೇಕಿತ್ತು. ನಾನೂ ಕೇಳಲಿಲ್ಲ."

ಮನೆಗೆ ಬಂದ ಮೇಲೆ ಗಂಜಿಯಮ್ಮ ಕೂಸಿಗಾಗಿ ತಾನೇ ಇಸ್ತ್ರಿ ಮಾಡಿಟ್ಟಿದ್ದ ಪುಟ್ಟ ಅಂಗಿಗಳ ಪೊಟ್ಟಣವನ್ನು ಸೊಸೆಯ ಮಡಿಲಿಗೆ ಹಾಕಿದಳು. "ಎತ್ತಿಡು. ಮುಂದಿನ ಸಲಕ್ಕೆ ಆಗುತ್ತೆ," ಎಂದಳು. ಬಾಗಿಲ ಕಡೆ ತಿರುಗಿ, "ಪರರ ಮುಂದೆ ಮನೆ ಮಾನ ಹರಾಜು ಹಾಕಿದೆಯಲ್ಲೇ," ಎಂದೂ ಸೇರಿಸಿದಳು. ಮೊಮ್ಮಗ ಸತ್ತದ್ದಕ್ಕಿಂತ ಆಕೆಗೆ ಅದೇ ದೊಡ್ಡ ಸಂಕಟವಾಗಿತ್ತು.

ಡಾಕ್ಟರಮ್ಮ ಸೋಂಕಿಗೆ ಒಂದು ವಾರದ ಗುಳಿಗೆ ಕೊಟ್ಟಿದ್ದರು. ಅವರು ಹೇಳಿದ ದಿನ ಅತ್ತೆ ಸೊಸೆ ಇಬ್ಬರೂ ಮತ್ತೆ ಆಸ್ಪತ್ರೆಗೆ ಹೋದರು. ಗಂಜಿಯಮ್ಮ ಎಂದಿನಂತೆ ಮುಂದಿನ ಕುರ್ಚಿಯಲ್ಲಿ ಕೂತು, ಎಂದಿನಂತೆ ಸೊಸೆಯ ತೊಡೆಯ ಮೇಲೆ ಕೈಯಿಟ್ಟಳು.

"ಈಗ ಹೇಗಿದ್ದೀಯಮ್ಮಾ?" ಎಂದರು ಡಾಕ್ಟರಮ್ಮ.

"ಚೆನ್ನಾಗಿದ್ದಾಳೆ," ಎಂದಳು ಅತ್ತೆ.

ಚಿಕ್ಕವಳು ಆ ಕೈಯನ್ನು ಎತ್ತಿ ಮೇಜಿನ ಮೇಲೆ, ಎಲ್ಲರಿಗೂ ಕಾಣುವಂತೆ ಇಟ್ಟಳು. "ಅತ್ತೆ, ನೀವು ಹೊರಗೆ ಕೂತ್ಕೊಳ್ಳಿ."

"ಏನಂದೆ? ಮನೆಗೆ ಬಾ, ನಿನಗಿದೆ."

"ಬರ್ತೀನಿ. ಈಗ ಹೊರಗೆ ಹೋಗಿ."

ಡಾಕ್ಟರಮ್ಮ ತಾವೇ ಎದ್ದು ಬಾಗಿಲು ತೆರೆದು ಹಿಡಿದರು. ಬೆಂಚಿನ ತುಂಬ ಬಸುರಿಯರು, ಪ್ರತಿಯೊಬ್ಬಳ ಪಕ್ಕದಲ್ಲೂ ಒಬ್ಬ ಅತ್ತೆ. ಗಂಜಿಯಮ್ಮ ಗೊಣಗುತ್ತ ಹೋಗಿ ಅವರ ನಡುವೆ ಕೂತಳು. ಬಾಗಿಲು ಮುಚ್ಚಿತು.

"ಈಗ ಹೇಳು."

"ವಾಸನೆ ಇನ್ನೂ ಸ್ವಲ್ಪ ಇದೆ. ಗುಳಿಗೆ ಇನ್ನೆರಡು ಉಳಿದಿವೆ, ಬಿಡದೆ ನುಂಗ್ತೀನಿ. ಸೋಡಾ ನೀರು ಮುಟ್ಟಿಲ್ಲ. ಬಟ್ಟೆ ಬಿಸಿಲಲ್ಲಿ ಒಣಗಿಸ್ತಿದೀನಿ, ಬೈದ್ರೂ ತೆಗೆದಿಲ್ಲ."

"ಒಳ್ಳೇದು ಮಾಡ್ದೆ. ಇನ್ನೇನಾದ್ರೂ ಇದ್ಯಾ?"

ಚಿಕ್ಕವಳು ತನ್ನ ಎದೆಯ ಕಡೆ ನೋಡಿಕೊಂಡಳು. ಗಂಜಿ ಹಾಕಿ ಇಸ್ತ್ರಿ ಮಾಡಿದ ರವಿಕೆಯ ಮೇಲೆ ಎರಡು ಕಡೆ ಒದ್ದೆಯಾಗಿತ್ತು. ಮುಚ್ಚಿಕೊಳ್ಳಲು ಹೋದ ಕೈಯನ್ನು ಅವಳು ಹಿಂದಕ್ಕೆ ತೆಗೆದುಕೊಂಡಳು.

"ಹಾಲು ಬರ್ತಾನೇ ಇದೆ ಡಾಕ್ಟರಮ್ಮ," ಎಂದಳು, ದನಿ ತಗ್ಗಿಸದೆ. "ಅದನ್ನ ನಿಲ್ಲಿಸೋಕೂ ಗುಳಿಗೆ ಇದ್ಯಾ?"