ನೀರಿನ ಮನೆ ಕಟ್ಟಿದ್ದು ಯಾಕೆ?

ಬೆಳಗಿನಿಂದ ಮಮತಾಗೆ ವಾಂತಿ-ಭೇದಿ. ಮೂರು ವರ್ಷದ ಕೂಸು, ಹೊತ್ತು ಏರುವಷ್ಟರಲ್ಲಿ ಬಾಡಿಹೋಗಿತ್ತು. ಅಜ್ಜಿ ಗುರುಲಿಂಗಮ್ಮ ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದರು. ಮಗ ಶಿವಕಾಂತ ನೆಲ್ಲು ಹೇರಿಕೊಂಡು ಸಿಂಧನೂರಿಗೆ ಹೋಗಿದ್ದ. ಫೋನ್ ಎತ್ತುತ್ತಿರಲಿಲ್ಲ. ಇಂಥ ಹೊತ್ತಿನಲ್ಲೇ ಎತ್ತುವುದಿಲ್ಲ ನೋಡಿ, ಹಾಳಾದ್ದು!

“ಕೂಸಿಗೆ ದೃಷ್ಟಿ ಆಗೈತಿ ಬೇ,” ಎಂದರು ಸೊಸೆ ಭುವನೇಶ್ವರಿಗೆ. “ಉಪ್ಪು, ಮೆಣಸಿನಕಾಯಿ ಇಳಿಸು. ನಮ್ಮ ನೀರಿನ ಮನಿ ನೀರು ಒಂದು ತಂಬಿಗಿ ಕುಡಿಸು. ತೀರ್ಥ ಇದ್ದಂಗ ಅದು.”

ಸೊಸೆ ತಂಬಿಗೆ ಹಿಡಿದು ನಿಂತಳೇ ಹೊರತು ಕುಡಿಸಲಿಲ್ಲ. ಹೊರಗೆ ಹೋದವಳು ಆಶಾ ಕಾರ್ಯಕರ್ತೆ ಮಹೇಶ್ವರಿಯನ್ನು ಕರೆದುಕೊಂಡೇ ಬಂದಳು. ಗುರುಲಿಂಗಮ್ಮನ ಮುಖ ಗಂಟಾಯಿತು.

ಆ ನೀರಿನ ಮನೆ ಎಂದರೆ ಅವರಿಗೆ ಪ್ರಾಣ. ಊರ ಕೆರೆಯ ದಂಡೆಯ ಮೇಲಿನ ಕಲ್ಲಿನ ಕಟ್ಟಡ ಅದು. ಕಾಲುವೆಯಿಂದ ಕೆರೆಗೆ ಬಂದ ನೀರು ಅಲ್ಲಿ ಮರಳಿನಲ್ಲಿ ಸೋಸಿಕೊಂಡು, ಎತ್ತರದ ನೀರಿನ ಟಾಕಿಗೆ ಏರಿ, ಊರ ನಲ್ಲಿಗಳಿಗೆ ಬರುತ್ತದೆ. ಗುರುಲಿಂಗಮ್ಮನ ಮಾವನವರೇ ಊರ ಮಂದಿಯನ್ನು ಕೂಡಿಸಿ ಕಟ್ಟಿಸಿದ್ದು. ಅಲ್ಲಿಯ ಮೊದಲ ಕೊಡ ಇಂದಿಗೂ ಈಶ್ವರನ ಅಭಿಷೇಕಕ್ಕೆ ಹೋಗುತ್ತದೆ. ಆ ಕೊಡ ಹೊರುವ ಮಾನ ಗುರುಲಿಂಗಮ್ಮನದು.

ಅಲ್ಲಿಂದ ನಲ್ಲಿಗೆ ನೀರು ಬಿಡುವ ಗ್ಯಾನಪ್ಪನಿಗೆ ಶ್ರಾವಣದಲ್ಲಿ ಅವರೇ ಹೇಳಿದ್ದರು: “ಬ್ಲೀಚಿಂಗ್ ಪುಡಿ ಹಾಕಬ್ಯಾಡಪಾ. ಆ ವಾಸ್ನಿ ನೀರು ದೇವರ ಮ್ಯಾಲ ಹೆಂಗ ಸುರುವೋದು?” ದೊಡ್ಡವರ ಮಾತು, ಗ್ಯಾನಪ್ಪ ಹೂಂ ಎಂದ. ದೀಪಾವಳಿ ಕಳೆದರೂ ಪುಡಿಯ ಚೀಲ ಬಿಚ್ಚಿರಲಿಲ್ಲ.

ಮಹೇಶ್ವರಿ ಕೂಸಿನ ಹೊಟ್ಟೆಯ ಚರ್ಮ ಹಿಡಿದು ಬಿಟ್ಟಳು. ಅದು ಮೆಲ್ಲಗೆ ಕೆಳಗಿಳಿಯಿತು. “ಮೈಯಾಗಿನ ನೀರು ಬತ್ತೈತಿ, ಕಣ್ಣು ಒಳಗ ಹೋಗ್ಯಾವ. ಉಚ್ಚಿ ಯಾವಾಗ ಹೊಯ್ದಾಳ್ರಿ?”

ಯಾರಿಗೂ ನೆನಪಿಲ್ಲ.

ಮಹೇಶ್ವರಿ ಮೊದಲು ಆಂಬ್ಯುಲೆನ್ಸಿಗೆ ಫೋನ್ ಹಚ್ಚಿದಳು. ಆಮೇಲೆ ತನ್ನ ಬಾಟಲಿಯಲ್ಲಿದ್ದ, ಕಾಸಿ ಆರಿಸಿದ ಒಂದು ಲೀಟರ್ ನೀರಿಗೆ ಓಆರ್‌ಎಸ್ ಪುಡಿಯ ಒಂದು ಪೊಟ್ಟಣ ಪೂರ್ತಿ ಕಲಸಿದಳು. “ನಲ್ಲಿ ನೀರು ಹಂಗ ಕುಡಿಸಬ್ಯಾಡ್ರಿ ಅವ್ವಾರ. ಹಿಂದಿನ ಓಣ್ಯಾಗೂ ಹುಡುಗರಿಗೆ ಇದ ಬ್ಯಾನಿ ಬಂದೈತಿ.”

“ನಮ್ಮ ನೀರಿನ ಮನಿಗೆ ಹೆಸರಿಡ್ತೀಯೇನ? ಅದ ನೀರು ಕುಡಿದು ನಾ ಕಲ್ಲುಗುಂಡಿನಂಗ ಅದೀನಿ!”

“ಕೂಸು ಕಲ್ಲುಗುಂಡಲ್ರಿ. ಒಂದು ಮಾತು ಹೇಳ್ರಿ, ಆ ಮನಿ ನಿಮ್ಮ ಮಾವಾರು ಯಾಕ ಕಟ್ಟಿಸಿದ್ರು?”

“ಯಾಕಂದ್ರ… ಆಗ ಕೆರಿ ನೀರ ಕುಡೀತಿದ್ವಿ. ಒಂದು ವರ್ಷ ವಾಂತಿ-ಭೇದಿ ಬಂತು. ನನ್ನ ಸಣ್ಣ ನಾದಿನಿ ಒಂದ ಹಗಲಿನ್ಯಾಗ ಹೋದ್ಲು. ಮಗಳ ಮಣ್ಣು ಮುಗಿಸಿ ಬಂದು ಮಾವ, ‘ಇನ್ನ ಯಾರ ಮನಿ ಕೂಸೂ ಹಿಂಗ ಹೋಗಬಾರದು’ ಅಂದ್ರು. ಕಲ್ಲು ಹೊತ್ವಿ, ಮರಳು ಹೊತ್ವಿ. ಆಮ್ಯಾಲ ಪುಡಿ…”

ನೀರಿನ ರೋಗಾಣು ಸಾಯಲೆಂದು ಆ ಬಿಳಿ ಬ್ಲೀಚಿಂಗ್ ಪುಡಿಯನ್ನು ಸಿಂಧನೂರಿನಿಂದ ತರಿಸುತ್ತಿದ್ದವರು ಮಾವನೇ. ಬಕೆಟ್ಟಿನಲ್ಲಿ ಕಲಸಿ, ತಿಳಿ ನೀರನ್ನಷ್ಟೇ ಟಾಕಿಗೆ ಸುರಿಯುತ್ತಿದ್ದರು. ದೇವರಿಗೂ ಅದೇ ನೀರು ಹೋಗುತ್ತಿತ್ತು, ಯಾರೂ ಮೂಗು ಮುರಿಯಲಿಲ್ಲ.

“ಅಯ್ಯೋ ಶಿವನ! ನಾನ ಬ್ಯಾಡ ಅಂದೆನಲ್ಲೋ!” ಗುರುಲಿಂಗಮ್ಮ ಎದೆ ಬಡಿದುಕೊಂಡರು.

“ಅಳಾಕ ಹೊತ್ತಿಲ್ರಿ. ಚಮಚೆ ಹಿಡೀರಿ. ವಾಂತಿ ಆದ್ರೂ ಸ್ವಲ್ಪ ತಡದು ಮತ್ತ ಕುಡಿಸ್ರಿ.”

ತುರ್ವಿಹಾಳದ ದವಾಖಾನೆವರೆಗೂ ಆಂಬ್ಯುಲೆನ್ಸಿನಲ್ಲಿ ಅಜ್ಜಿ ಒಂದೊಂದೇ ಚಮಚೆ ಹಾಕಿದರು. ಕೂಸು ಕಣ್ಣು ಮುಚ್ಚಿದಾಗಲೆಲ್ಲ ಅವರ ಜೀವ ಬಾಯಿಗೆ ಬರುತ್ತಿತ್ತು. ಅಲ್ಲಿ ಸಲೈನ್ ಏರಿಸಿದರು. ಸಂಜೆಗೆ ಮಮತಾ ಉಚ್ಚೆ ಹೊಯ್ದು ಅಜ್ಜಿಯ ಸೀರೆ ತೋಯಿಸಿದಳು. ಉಚ್ಚೆಗೆ ಇಷ್ಟು ಖುಷಿಪಟ್ಟವರನ್ನು ನೀವು ಎಲ್ಲೂ ಕಂಡಿರಲಿಕ್ಕಿಲ್ಲ.

ಊರಿಗೆ ಬಂದವರೇ ಗುರುಲಿಂಗಮ್ಮ ಗ್ಯಾನಪ್ಪನನ್ನು ಟಾಕಿ ಹತ್ತಿಸಿದರು. ಮುಚ್ಚಳ ಒಡೆದಿತ್ತು, ಒಳಗೆ ಪಾರಿವಾಳದ ಹಿಕ್ಕೆ ಬಿದ್ದಿತ್ತು. ಟಾಕಿ ಖಾಲಿ ಮಾಡಿ ತಿಕ್ಕಿ ತೊಳೆದರು, ಹೊಸ ಮುಚ್ಚಳ ಹಾಕಿದರು, ಪುಡಿ ಬೆರೆಸಿದರು. ಮರುದಿನ ಮೊದಲ ಕೊಡ ಎಂದಿನಂತೆ ಗುಡಿಗೆ ಹೋಯಿತು.

“ವಾಸ್ನಿ ಬರಾಕತ್ತೈತ್ರಿ ಅಮ್ಮಾರ,” ಎಂದ ಪೂಜಾರಿ.

“ಬರ್ಲಿ ಬಿಡಪಾ. ದೇವರು ವಾಸ್ನಿ ತಡಕೋತಾನ. ಕೂಸು ಹೊಲಸು ತಡಕೊಳ್ಳಂಗಿಲ್ಲ,” ಎಂದರು ಗುರುಲಿಂಗಮ್ಮ. ಪೂಜಾರಿ ಕೊಡ ಇಸಿದುಕೊಂಡು ಲಿಂಗದ ಮೇಲೆ ಸುರಿದ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರ ಟಾಕಿಯ ಮುಚ್ಚಳ ಸರಿಯಿದೆಯೇ? ಅದನ್ನು ತೊಳೆದದ್ದು ಯಾವಾಗ? ಪುಡಿ ಹಾಕುತ್ತಾರೋ ಇಲ್ಲವೋ? ಪಂಚಾಯಿತಿಗೆ ಹೋಗಿ ಕೇಳಿ, ನಾಚಿಕೆ ಬೇಡ. ಕುಡಿಯುವ ನೀರನ್ನು ಕಾಸಿ ಆರಿಸಿ. ಭೇದಿಯಾದ ಮಗುವಿಗೆ ತಡಮಾಡದೆ ಓಆರ್‌ಎಸ್ ಕೊಡಿ, ಆಶಾ ಅಕ್ಕನನ್ನು ಕರೆಯಿರಿ. ಮಮತಾ ಉಳಿದಳು. ಎಲ್ಲರ ಮನೆಗೂ ದವಾಖಾನೆ ಮುಟ್ಟುವಷ್ಟು ಹೊತ್ತು ಸಿಗುವುದಿಲ್ಲ.